ಬ್ಯಾಸಗಿಗೆ ಮುಂಚೆ ಕೂಲರ್: ಹುಲ್ಲು, ಪಂಪ್, ಕಂಡೆನ್ಸರ್ ಯಾವಾಗ ಬದಲಿಸಬೇಕು, ಹೇಗೆ ಬದಲಿಸಬೇಕು

ಕಲಬುರಗಿ, ಯಾದಗಿರಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಬಿಸಿಲು 42 ಡಿಗ್ರಿ ಮುಟ್ಟುವುದು ಯಾರಿಗೂ ಹೊಸದಲ್ಲ. ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಎಲ್ಲರೂ ಮನೆ ಸೇರಿದ ಆ ಹೊತ್ತಿನಲ್ಲಿ ಕೂಲರ್ ಕೈಕೊಟ್ಟರೆ ಮೆಕ್ಯಾನಿಕ್ ಸಿಗುವುದಿಲ್ಲ, ಅಂಗಡಿಯಲ್ಲಿ ನಿಮ್ಮ ಅಳತೆಯ ಹುಲ್ಲು ಖಾಲಿಯಾಗಿರುತ್ತದೆ, ಇದ್ದರೂ ಬೆಲೆ ಏರಿರುತ್ತದೆ. ಆದ್ದರಿಂದ ಕೂಲರ್‌ನಲ್ಲಿ ಸವೆಯುವ ಸಾಮಾನುಗಳನ್ನು ಹೋಳಿ ಹುಣ್ಣಿಮೆಗೆ ಮುಂಚೆಯೇ ನೋಡಿಕೊಂಡು, ಹೋಳಿಯ ಬೆನ್ನಿಗೇ ಬರುವ ಕಲಬುರಗಿ ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಎಲ್ಲ ಜೋಡಿಸಿ ಇಟ್ಟಿರಬೇಕು.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಕಬ್ಬಿಣದ ತಗಡಿನ ದೊಡ್ಡ ಕೂಲರ್ ಬಗ್ಗೆ: ಮೂರು ಕಡೆ ಹುಲ್ಲು, ಮುಂದೆ ಫ್ಯಾನ್, ಕೆಳಗೆ 50ರಿಂದ 70 ಲೀಟರ್ ಹಿಡಿಯುವ ಟಾಕಿ. ಪ್ಲಾಸ್ಟಿಕ್ ಬಾಡಿಯ ಕೂಲರ್‌ಗೂ ಬಹುಪಾಲು ಇದೇ ಅನ್ವಯ.

ಏನನ್ನೂ ಕೊಳ್ಳುವ ಮುಂಚೆ ಅಳೆದು ನೋಡಿ

ಕೂಲರ್ ತಂಪು ಕೊಡುತ್ತಿಲ್ಲ ಎಂದ ಕೂಡಲೇ ಹುಲ್ಲು ಬದಲಿಸುವವರೇ ಹೆಚ್ಚು. ಎಷ್ಟೋ ಸಲ ಹುಲ್ಲು ಸರಿಯಾಗಿಯೇ ಇರುತ್ತದೆ, ಕೋಣೆಯ ಗಾಳಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಕೂಲರ್ ಒಳಗೆ ತಳ್ಳುವ ಒದ್ದೆ ಗಾಳಿ ಎದುರಿನ ಕಿಟಕಿಯಿಂದಲೋ ಬಾಗಿಲಿನಿಂದಲೋ ಹೊರಗೆ ಹೋಗಲೇಬೇಕು. ಕೋಣೆ ಮುಚ್ಚಿದರೆ ಅರ್ಧ ಗಂಟೆಯಲ್ಲಿ ಮೈ ಅಂಟಂಟು, ಹಾಸಿಗೆ ತೇವ. ಎದುರಿನ ಕಿಟಕಿಯನ್ನು ಒಂದು ಗೇಣಾದರೂ ತೆರೆದಿಟ್ಟು ಮೊದಲು ನೋಡಿ.

ಆಮೇಲೆ ಎರಡು ಅಗ್ಗದ ಥರ್ಮಾಮೀಟರ್ ತೆಗೆದುಕೊಳ್ಳಿ. ಒಂದನ್ನು ಕೂಲರ್ ಹಿಂದೆ ನೆರಳಿನಲ್ಲಿ ಇಡಿ, ಇನ್ನೊಂದನ್ನು ಫ್ಯಾನ್ ಮುಂದೆ ಒಂದು ಅಡಿ ದೂರದಲ್ಲಿ ಹಿಡಿಯಿರಿ. ಹೊರಗೆ 42 ಡಿಗ್ರಿ, ಗಾಳಿಯಲ್ಲಿ ತೇವ ಶೇಕಡಾ 20 ಇರುವ ಮಧ್ಯಾಹ್ನ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 24 ಡಿಗ್ರಿ ತೋರಿಸುತ್ತದೆ. ಯಾವ ಕೂಲರ್ ಆದರೂ ಅದಕ್ಕಿಂತ ಕೆಳಗೆ ಇಳಿಸಲಾರದು. 42ಕ್ಕೂ 24ಕ್ಕೂ ಇರುವ ಅಂತರ 18. ಒಳ್ಳೆಯ ಹೊಸ ಹುಲ್ಲು ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಇಳಿಸುತ್ತದೆ, ಅಂದರೆ ಫ್ಯಾನ್ ಮುಂದೆ 28 ಡಿಗ್ರಿ ಆಸುಪಾಸು. ಸುಣ್ಣ ಕಟ್ಟಿ ಅರ್ಧ ಒಣಗಿದ ಹುಲ್ಲಾದರೆ ಅಂತರದ ಅರ್ಧವಷ್ಟೇ ಇಳಿಯುತ್ತದೆ, ಫ್ಯಾನ್ ಮುಂದೆ 33 ಬರುತ್ತದೆ. 28 ಮತ್ತು 33ರ ನಡುವಿನ ಈ ಐದು ಡಿಗ್ರಿಯೇ ಮಧ್ಯಾಹ್ನ ನಿದ್ದೆ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಮಾರ್ಚ್‌ನಲ್ಲಿ ಹೊಸ ಹುಲ್ಲು ಹಾಕಿದ ದಿನ ಹೊರಗೆ ಎಷ್ಟು, ಫ್ಯಾನ್ ಮುಂದೆ ಎಷ್ಟು ಎಂದು ಕೂಲರ್ ಬಾಡಿಯ ಮೇಲೆಯೇ ಮಾರ್ಕರ್‌ನಿಂದ ಬರೆದಿಡಿ. ಮೇ ತಿಂಗಳಲ್ಲಿ ಹೋಲಿಸಿ ನೋಡಲು ಅದೇ ಸಾಕು.

ಮೃಗಶಿರ ಮಳೆ ಬಂದ ಮೇಲೆ ಈ ಲೆಕ್ಕ ನಡೆಯುವುದಿಲ್ಲ. ಗಾಳಿಯಲ್ಲೇ ತೇವ ತುಂಬಿರುವಾಗ ನೀರು ಆರುವುದಿಲ್ಲ, ನೀರು ಆರದಿದ್ದರೆ ಗಾಳಿ ತಂಪಾಗುವುದಿಲ್ಲ. ಜೂನ್ ಕೊನೆಯಲ್ಲಿ ತಂಪು ಕಡಿಮೆಯಾಯಿತೆಂದು ಹೊಸ ಹುಲ್ಲು ಹಾಕಿದರೆ ದುಡ್ಡು ದಂಡ.

ಹುಲ್ಲನ್ನು ಕೊಲ್ಲುವುದು ನೀರಿನಲ್ಲಿರುವ ಸುಣ್ಣ

ಮನೆಗಳಿಗೆ ನಾವು ಹಾಸುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದೇ ಪದರವನ್ನು ನಂಬಿ. ಆ ಕಲ್ಲಿನ ಸಂದಿನಿಂದ ಬರುವ ಬೋರ್ ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ಬೀದರ್ ಪಟ್ಟಣದ ಕೆಳಗಿರುವುದು ಜಂಬಿಟ್ಟಿಗೆ ಕಲ್ಲು. ಅಲ್ಲಿಯ ತೆರೆದ ಬಾವಿ ನೀರಿನಲ್ಲಿ ಸುಣ್ಣದ ಕಾಟ ಕಡಿಮೆ, ಬದಲಿಗೆ ಕಬ್ಬಿಣದ ಕೆಂಪು ಕರೆ ಕಾಣಬಹುದು. ಆಳದ ಬೋರ್ ಆದರೆ ಬೀದರ್‌ನಲ್ಲೂ ನೋಡಿಯೇ ಹೇಳಬೇಕು. ಒಂದೇ ಓಣಿಯ ಎರಡು ಬೋರ್‌ಗಳ ನೀರು ಬೇರೆ ಬೇರೆ ಇರುವುದುಂಟು, ಹಾಗಾಗಿ ಪಕ್ಕದ ಮನೆಯವರ ಹುಲ್ಲು ಎರಡು ವರ್ಷ ಬಾಳಿತು ಎಂಬ ಮಾತು ನಿಮ್ಮ ಮನೆಗೆ ಲೆಕ್ಕಕ್ಕೆ ಬರುವುದಿಲ್ಲ.

ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ, ಪೆನ್ನಿನಂಥ ಟಿಡಿಎಸ್ ಮೀಟರ್ ಒಂದನ್ನು ತೆಗೆದುಕೊಂಡರೆ ಒಳ್ಳೆಯ ಅಂದಾಜು ಸಿಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಇಲ್ಲದಿದ್ದರೆ 2000ದ ತನಕ ನಡೆಯುತ್ತದೆ ಎಂದಿದೆ. ಮೀಟರ್ ಇಲ್ಲದಿದ್ದರೆ ಸ್ನಾನದ ಬಕೆಟ್ಟಿನ ಅಂಚು, ನೀರು ಕಾಯಿಸುವ ಕಾಯಿಲ್ ನೋಡಿ. ಕಾಯಿಲ್ ಮೇಲೆ ತಿಂಗಳೊಳಗೆ ಬಿಳಿ ಪದರ ಕಟ್ಟುತ್ತಿದ್ದರೆ ಕೂಲರ್ ಹುಲ್ಲಿನ ಮೇಲೂ ಅದೇ ಕಟ್ಟುತ್ತದೆ.

ಎಷ್ಟು ಕಟ್ಟುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಸುಡು ಬಿಸಿಲಿನಲ್ಲಿ ದೊಡ್ಡ ಕೂಲರ್ ಗಂಟೆಗೆ ಸುಮಾರು 10 ಲೀಟರ್ ನೀರು ಆರಿಸುತ್ತದೆ ಎಂದು ಹಿಡಿಯಿರಿ. ದಿನಕ್ಕೆ 10 ಗಂಟೆ ಓಡಿಸಿದರೆ 100 ಲೀಟರ್. ನೀರಿನ ಟಿಡಿಎಸ್ 1000 ಇದ್ದರೆ ಪ್ರತಿ ಲೀಟರಿನಲ್ಲಿ 1 ಗ್ರಾಂ ಲವಣ. ಆವಿಯಾಗಿ ಹೋಗುವುದು ನೀರು ಮಾತ್ರ, ಲವಣ ಅಲ್ಲೇ ಕೂರುತ್ತದೆ. ದಿನಕ್ಕೆ 100 ಗ್ರಾಂ, ತಿಂಗಳಿಗೆ 3 ಕಿಲೋ. ಟಾಕಿಯ ಹಳೇ ನೀರು ಚೆಲ್ಲದೆ ಮೇಲಿಂದ ಮೇಲೆ ತುಂಬುತ್ತಲೇ ಹೋದರೆ ಈ 3 ಕಿಲೋ ಎಲ್ಲವೂ ಹುಲ್ಲು, ಪಂಪ್, ಟಾಕಿಗಳಲ್ಲೇ ಉಳಿಯುತ್ತದೆ.

60 ಲೀಟರಿನ ಟಾಕಿಯಲ್ಲಿ ಇದೇ ನೀರು ಮೂರು ದಿನ ಹೀಗೆ ಓಡಿದರೆ ಟಿಡಿಎಸ್ 1000ದಿಂದ 6000ಕ್ಕೆ ಏರುತ್ತದೆ. ಹಾಗಾಗಿ ಗಡಸು ನೀರಿನವರು ಎರಡು ದಿನಕ್ಕೊಮ್ಮೆ ಟಾಕಿ ಪೂರ್ತಿ ಖಾಲಿ ಮಾಡಬೇಕು. ಭೀಮಾ, ಬೆಣ್ಣೆತೊರೆ, ಕಾರಂಜಾ ಹೊಳೆಗಳ ನೀರು ನಳದಲ್ಲಿ ಬರುವ ಮನೆಯವರು ವಾರಕ್ಕೊಮ್ಮೆ ಖಾಲಿ ಮಾಡಿದರೂ ನಡೆದೀತು. ನಳದ ನೀರು, ಬೋರ್ ನೀರು ಎರಡೂ ಇದ್ದರೆ ಕೂಲರ್‌ಗೆ ನಳದ್ದೇ ಇಡಿ. ಚೆಲ್ಲಿದ ನೀರು ಅಂಗಳ ತೊಳೆಯಲು, ಸಂಡಾಸಕ್ಕೆ ಹಾಕಲು ಆಗುತ್ತದೆ. ತುಳಸಿಗೆ, ಕುಂಡದ ಗಿಡಗಳಿಗೆ ಹಾಕಬೇಡಿ, ಉಪ್ಪಿಗೆ ಬೇರು ಸುಡುತ್ತದೆ.

ಒಂದು ಅಭ್ಯಾಸವನ್ನು ಕೈಮುಗಿದು ಬಿಡಿಸಬೇಕಿದೆ. ಆರ್‌ಒ ಮಷೀನಿನಿಂದ ಹೊರಹೋಗುವ ನೀರು ದಂಡವಾಗಬಾರದೆಂದು ಅದನ್ನು ಕೂಲರ್‌ಗೆ ತುಂಬುವವರಿದ್ದಾರೆ. ನೀರು ಉಳಿಸುವ ಮನಸ್ಸು ದೊಡ್ಡದೇ, ಆದರೆ ಆ ನೀರಿನಲ್ಲಿ ಬೋರ್ ನೀರಿಗಿಂತಲೂ ಹೆಚ್ಚು ಲವಣ ಇರುತ್ತದೆ, ಕುಡಿಯುವ ನೀರಿನಿಂದ ತೆಗೆದ ಸುಣ್ಣವೆಲ್ಲ ಅದರಲ್ಲೇ ಸೇರಿರುತ್ತದೆ. ಅದನ್ನು ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ ಬಳಸಿ. ಕೂಲರ್‌ಗೆ ಬೇಡ.

ಹುಲ್ಲು: ಯಾವುದು ತರಬೇಕು

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಹೆಚ್ಚು ಜನ ಹಾಕುವುದು ಮರದ ಎಳೆಯ ಹುಲ್ಲು, ಮರವನ್ನು ತೆಳ್ಳಗೆ ಹೆರೆದು ಮಾಡಿದ್ದು. ಬಿಡಿಯಾಗಿಯೂ, ಬಲೆಯೊಳಗೆ ಹಾಕಿ ಹೊಲಿದ ಪ್ಯಾಡ್ ಆಗಿಯೂ ಸಿಗುತ್ತದೆ. ಒಂದು ಬ್ಯಾಸಗಿಯ ಆಯಸ್ಸು. ನೀರು ತೀರಾ ಗಡಸಾಗಿದ್ದರೆ ಮೇ ಮೊದಲ ವಾರ ಇನ್ನೊಮ್ಮೆ ಹಾಕಬೇಕಾಗುತ್ತದೆ, ಅದಕ್ಕೆ ಮಾರ್ಚ್‌ನಲ್ಲೇ ಎರಡು ಸೆಟ್ ಕೊಂಡಿಡುವುದು ಜಾಣತನ. ಎರಡನೆಯದು ಖಸ್, ಅಂದರೆ ಲಾವಂಚದ ಬೇರು. ಪರಿಮಳಕ್ಕೆ ಸಾಟಿಯಿಲ್ಲ, ತಂಪೂ ಚೆನ್ನಾಗಿ ಕೊಡುತ್ತದೆ. ಆದರೆ ಬೆಲೆ ಹೆಚ್ಚು, ದಿನಾ ಒಣಗಿಸದಿದ್ದರೆ ಬೇಗ ಕೊಳೆಯುತ್ತದೆ. ಮೂರನೆಯದು ಹನಿಕೂಂಬ್ ಪ್ಯಾಡ್, ಜೇನುಹುಟ್ಟಿನಂತೆ ತೂತು ತೂತಾಗಿ ಅಂಟಿಸಿದ ದಪ್ಪ ಕಾಗದದ್ದು. ಒಳ್ಳೆಯ ನೀರಿನಲ್ಲಿ ಎರಡು ಮೂರು ಬ್ಯಾಸಗಿ ಬರುತ್ತದೆ.

ಗಡಸು ನೀರಿನ ಮನೆಗೆ ಹನಿಕೂಂಬ್ ಹಾಕಬೇಕೆಂದರೆ ನೀರು ಚೆಲ್ಲುವ ಶಿಸ್ತು ಇರಲೇಬೇಕು. ಶಿಸ್ತಿಲ್ಲದಿದ್ದರೆ ದುಬಾರಿ ಪ್ಯಾಡಿನ ತೂತುಗಳು ಒಂದೇ ಬ್ಯಾಸಗಿಯಲ್ಲಿ ಕಲ್ಲಾಗುತ್ತವೆ. ಅಂಥಲ್ಲಿ ಅಗ್ಗದ ಮರದ ಹುಲ್ಲನ್ನೇ ವರ್ಷಕ್ಕೆ ಎರಡು ಸಲ ಬದಲಿಸುವುದು ಮೇಲು.

ಬಿಡಿ ಹುಲ್ಲು ಕೊಳ್ಳುವಾಗ ಒಂದು ಹಿಡಿ ತೆಗೆದು ತಿರುವಿ ನೋಡಿ. ಎಳೆ ಉದ್ದವಾಗಿ, ಬಾಗಿದರೂ ಮುರಿಯದೆ ಇರಬೇಕು. ಕೈಯಲ್ಲಿ ಪುಡಿ ಉಳಿದರೆ ಅದು ಹಳೇ ಮಾಲು, ಆ ಪುಡಿ ನೇರವಾಗಿ ನಿಮ್ಮ ಪಂಪಿಗೆ ಹೋಗುತ್ತದೆ. ಹೊಲಿದ ಪ್ಯಾಡ್ ಆದರೆ ಬಿಸಿಲಿಗೆ ಹಿಡಿದು ನೋಡಿ: ಅಲ್ಲಲ್ಲಿ ಬೆಳಕು ಬೊಗಸೆಯಷ್ಟು ಒಟ್ಟಿಗೆ ಬಂದರೆ ಹುಲ್ಲು ಸಮ ಹರಡಿಲ್ಲ, ಬಿಸಿ ಗಾಳಿ ಆ ತೂತಿನಿಂದಲೇ ನುಗ್ಗುತ್ತದೆ. ದಪ್ಪ ಒಂದೂವರೆಯಿಂದ ಎರಡು ಇಂಚು ಇರಲಿ. ದಪ್ಪ ಹೆಚ್ಚಾದಷ್ಟೂ ತಂಪು ಎಂದು ನಾಲ್ಕು ಇಂಚು ತುರುಕಿದರೆ ಫ್ಯಾನಿಗೆ ಗಾಳಿ ಎಳೆಯಲಾಗದೆ ಮೋಟರ್ ಕಾಯುತ್ತದೆ, ಕೋಣೆಗೆ ಗಾಳಿಯೂ ಬರುವುದಿಲ್ಲ.

ಅಳತೆ ತೆಗೆಯುವಾಗ ಕೂಲರ್ ಹೊರ ಅಳತೆ ಹೇಳಬೇಡಿ. ಪಕ್ಕದ ಬಾಗಿಲು ಬಿಚ್ಚಿ, ಹುಲ್ಲು ಕೂರುವ ಒಳಗಿನ ಚೌಕಟ್ಟನ್ನು ಅಳೆಯಿರಿ, ಅದಕ್ಕೆ ಎಲ್ಲ ಕಡೆ ಅರ್ಧ ಇಂಚು ಹೆಚ್ಚಿಗೆ ಹಿಡಿಯಿರಿ. ಹಿಂದಿನ ಬಾಗಿಲು, ಪಕ್ಕದ ಬಾಗಿಲು ಒಂದೇ ಅಳತೆ ಇರಬೇಕೆಂದಿಲ್ಲ, ಮೂರನ್ನೂ ಅಳೆಯಿರಿ. ಹನಿಕೂಂಬ್ ಆದರೆ ಅಳತೆ ಕರಾರುವಾಕ್ಕಾಗಿ ಬೇಕು, ಅದನ್ನು ಒತ್ತಿ ತುರುಕಲಾಗದು.

ಹುಲ್ಲು ಬದಲಿಸುವ ಕ್ರಮ

ಮೊದಲು ಪ್ಲಗ್ ಕಿತ್ತು ವೈರನ್ನು ಕಣ್ಣಿಗೆ ಕಾಣುವ ಹಾಗೆ ಕೂಲರ್ ಮೇಲೆ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೇ ಮನೆಗಳ ಬೋರ್ಡಿನಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ ಕಡಿಯುವ ಹಾಗೆ ಜೋಡಿಸಿರುವುದುಂಟು, ಆಗ ಸ್ವಿಚ್ ಆಫ್ ಇದ್ದರೂ ಒಳಗೆ ಕರೆಂಟ್ ಇರುತ್ತದೆ.

1. ಟಾಕಿಯ ಬುಡದ ಬಿರಡೆ ತೆಗೆದು ನೀರು ಖಾಲಿ ಮಾಡಿ. ಮೂರೂ ಬಾಗಿಲು ಬಿಚ್ಚಿ ಹೊರಗೆ ತನ್ನಿ. ಹಳೇ ಹುಲ್ಲನ್ನು ಕೂಲರ್ ಒಳಗೆ ಕೊಡವಬೇಡಿ, ಬಾಗಿಲು ಸಮೇತ ಅಂಗಳಕ್ಕೆ ತಂದು ತೆಗೆಯಿರಿ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಒಣಗಿದ ಪಾಚಿಯ ಧೂಳು ದಮ್ಮು ಇರುವವರಿಗೆ ಕೆಟ್ಟದ್ದು.

2. ಬಾಗಿಲಿನ ಪಟ್ಟಿಗಳನ್ನು ವೈರ್ ಬ್ರಶ್ಶಿನಿಂದ ಉಜ್ಜಿ. ತುಕ್ಕು ಬಂದ ಕಡೆ ರೆಡ್ ಆಕ್ಸೈಡ್ ಹಚ್ಚಿ ಒಂದು ದಿನ ಒಣಗಲು ಬಿಡಿ.

3. ಮೇಲಿನ ತಗಡಿನ ನಾಳಿಯ ತೂತುಗಳನ್ನು ಒಂದೊಂದಾಗಿ ಮೊಳೆಯಿಂದ ಬಿಡಿಸಿ. ಈ ಕೆಲಸಕ್ಕೆ ಬೇಸರ ಮಾಡಬೇಡಿ. ಒಂದು ತೂತು ಮುಚ್ಚಿದರೆ ಅದರ ಕೆಳಗೆ ಅಂಗೈ ಅಗಲದ ಒಣ ಪಟ್ಟಿ ಮೇಲಿನಿಂದ ಕೆಳಗಿನವರೆಗೆ ನಿಲ್ಲುತ್ತದೆ. ಹೊಸ ಹುಲ್ಲು ಹಾಕಿದರೂ ತಂಪು ಬರಲಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

4. ಹೊಸ ಹುಲ್ಲನ್ನು ರಾತ್ರಿಯಿಡೀ ದೊಡ್ಡ ಟಬ್ಬಿನಲ್ಲಿ ನೆನೆಸಿ. ಹಳದಿ ನೀರು ಬಿಡುತ್ತದೆ, ಚೆಲ್ಲಿ ಒಮ್ಮೆ ಜಾಲಿಸಿ. ಮರದ ಹಸಿ ವಾಸನೆ ಮೊದಲ ಒಂದೆರಡು ದಿನ ಇದ್ದೇ ಇರುತ್ತದೆ. ನೆನೆದ ಹುಲ್ಲು ಹರಡಲು ಸುಲಭ, ಪುಡಿಯೂ ಮೊದಲೇ ಹೋಗಿರುತ್ತದೆ.

5. ಬಾಗಿಲನ್ನು ನೆಲಕ್ಕೆ ಮಲಗಿಸಿ, ಮೊದಲು ನಾಲ್ಕು ಮೂಲೆ ತುಂಬಿ, ಆಮೇಲೆ ಅಂಚು, ಕೊನೆಗೆ ನಡು. ಮೇಲಿನ ಅಂಚಿನಲ್ಲಿ ಒಂದು ಹಿಡಿ ಹೆಚ್ಚಿಗೆ ಇಡಿ.

6. ಮೇಲೆ ಬಲೆ ಹಾಸಿ, ನೈಲಾನ್ ದಾರದಿಂದ ಗೇಣಿಗೊಂದು ಕಡೆ ಹೊರಗಿನ ಜಾಳಿಗೆಗೆ ಬಿಗಿದು ಕಟ್ಟಿ. ಕಬ್ಬಿಣದ ತಂತಿ ಬೇಡ, ಒಂದು ತಿಂಗಳಲ್ಲಿ ತುಕ್ಕು ಹಿಡಿದು ಕಡಿದು ಹೋಗುತ್ತದೆ.

ಐದು ಮತ್ತು ಆರನೆಯ ಹಂತಕ್ಕೆ ಕಾರಣವಿದೆ. ಒದ್ದೆ ಹುಲ್ಲು ತೂಕಕ್ಕೆ ಜಗ್ಗುತ್ತದೆ. ವಾರ ಕಳೆಯುವಷ್ಟರಲ್ಲಿ ಮೇಲಿನ ಅಂಚಿನಲ್ಲಿ ಎರಡು ಬೆರಳಷ್ಟು ಸಂದಿ ಬಿಡುತ್ತದೆ. ಗಾಳಿ ಹೋಗುವುದು ಅಡ್ಡಿ ಕಡಿಮೆ ಇರುವ ಕಡೆಗೆ, ಆ ಸಂದಿನಿಂದ ನುಗ್ಗುವ 42 ಡಿಗ್ರಿಯ ಗಾಳಿ ಉಳಿದ ಹುಲ್ಲು ಮಾಡಿದ ಕೆಲಸವನ್ನೆಲ್ಲ ಕೆಡಿಸುತ್ತದೆ. ಹುಲ್ಲು ಹಾಕಿದ ಎಂಟು ದಿನಕ್ಕೆ ಬಾಗಿಲು ತೆಗೆದು ಜಗ್ಗಿದ ಕಡೆ ಇನ್ನೊಂದು ಹಿಡಿ ತುಂಬಿ. ಬ್ಯಾಸಗಿಯಲ್ಲಿ ಒಮ್ಮೆ ಮಾಡಿದರೆ ಸಾಕು.

ಹನಿಕೂಂಬ್ ಕೂರಿಸುವಾಗ ಪಕ್ಕದಿಂದ ನೋಡಿದರೆ ಪದರಗಳು ಎರಡು ದಿಕ್ಕಿಗೆ ಓರೆಯಾಗಿರುತ್ತವೆ. ಕೆಲವು ಪ್ಯಾಡುಗಳಲ್ಲಿ ಒಂದು ಓರೆ ಕಡಿದಾಗಿ, ಇನ್ನೊಂದು ಸ್ವಲ್ಪ ಚಪ್ಪಟೆಯಾಗಿ ಇರುತ್ತದೆ. ಕಡಿದಾದ ಓರೆ ಕೂಲರ್ ಹೊರಗಿನ ಕಡೆಗೆ ಇಳಿಯುವಂತೆ ನಿಲ್ಲಿಸಿ. ಬಿಸಿಲಿನ ಗಾಳಿ ಮೊದಲು ತಾಗುವ ಹೊರಮೈಗೆ ಆಗ ನೀರು ಹೆಚ್ಚು ಹೋಗುತ್ತದೆ, ಅಲ್ಲಿಯ ಧೂಳು, ಸುಣ್ಣ ತೊಳೆದು ಹೋಗುತ್ತದೆ. ತಲೆಕೆಳಗಾಗಿ ಇಟ್ಟರೆ ನೀರು ಫ್ಯಾನ್ ಕಡೆಗೆ ಬಂದು ಕೋಣೆಗೆ ತುಂತುರು ಹಾರುತ್ತದೆ. ತೊಳೆಯುವಾಗ ಪೈಪಿನ ನೀರು ಮೆಲ್ಲಗೆ ಬಿಡಿ, ವೈರ್ ಬ್ರಶ್ ಮುಟ್ಟಿಸಬೇಡಿ. ಒದ್ದೆಯಲ್ಲಿ ಅಂಚು ಹಿಸುಕಿದರೆ ಮೆತ್ತಗೆ ಕುಸಿಯುತ್ತಿದ್ದರೆ ಕಾಗದದ ಅಂಟು ಬಿಟ್ಟಿದೆ ಎಂದು ಅರ್ಥ, ಬದಲಿಸಿ. ಬೆಳಕಿಗೆ ಹಿಡಿದಾಗ ಮೂರರಲ್ಲಿ ಒಂದು ಭಾಗ ತೂತು ಮುಚ್ಚಿದ್ದರೂ ಬದಲಿಸುವ ಕಾಲ ಬಂದಿದೆ.

ಹುಲ್ಲು ಯಾವುದೇ ಇರಲಿ, ಬೆಳಗ್ಗೆ ಕೂಲರ್ ನಿಲ್ಲಿಸುವ ಮುಂಚೆ ಪಂಪ್ ಆಫ್ ಮಾಡಿ ಫ್ಯಾನ್ ಮಾತ್ರ 20 ನಿಮಿಷ ಓಡಿಸಿ. ಹುಲ್ಲು ಒಣಗುತ್ತದೆ, ಪಾಚಿ ಹಿಡಿಯುವುದಿಲ್ಲ, ಮೀನಿನಂಥ ವಾಸನೆ ಬರುವುದಿಲ್ಲ. ವಾಸನೆ ಬಂದ ಹುಲ್ಲಿಗೆ ಫಿನೈಲ್ ಹಾಕುವವರಿದ್ದಾರೆ. ಆ ಫಿನೈಲಿನ ಆವಿಯನ್ನೇ ರಾತ್ರಿಯೆಲ್ಲ ಉಸಿರಾಡಬೇಕಾಗುತ್ತದೆ, ದಯವಿಟ್ಟು ಹಾಕಬೇಡಿ. ಒಂದು ಪೂರ್ತಿ ದಿನ ಬಿಸಿಲಿಗೆ ಒಣಗಿಸಿದ ಮೇಲೂ ವಾಸನೆ ಹೋಗದಿದ್ದರೆ ಆ ಹುಲ್ಲು ಮುಗಿಯಿತು.

ಪಂಪ್

ಟಾಕಿಯಲ್ಲಿ ಮುಳುಗಿರುವ ಚಿಕ್ಕ ಪಂಪ್ 18ರಿಂದ 40 ವ್ಯಾಟಿನದು. ಕೊಳ್ಳುವಾಗ ವ್ಯಾಟ್‌ಗಿಂತ ಮುಖ್ಯವಾಗಿ ನೋಡಬೇಕಾದದ್ದು ಎಷ್ಟು ಎತ್ತರಕ್ಕೆ ನೀರು ಏರಿಸುತ್ತದೆ ಎಂಬುದು, ಪಂಪ್ ಮೇಲೆಯೇ ಮೀಟರಿನಲ್ಲಿ ಬರೆದಿರುತ್ತದೆ. ಟಾಕಿಯ ತಳದಿಂದ ಮೇಲಿನ ನಾಳಿಯ ತನಕ ಅಳೆದು, ಅದಕ್ಕಿಂತ ಅರ್ಧ ಮೀಟರ್ ಹೆಚ್ಚು ಏರಿಸುವ ಪಂಪ್ ತನ್ನಿ. ಬರೆದ ಎತ್ತರದಲ್ಲಿ ನೀರು ಬರುವುದು ಬರೀ ಹನಿಯಷ್ಟು, ಅದಕ್ಕೇ ಈ ಹೆಚ್ಚಿನ ಲೆಕ್ಕ. ಬೇಕಾದ್ದಕ್ಕಿಂತ ತುಂಬಾ ದೊಡ್ಡದನ್ನೂ ಹಾಕಬೇಡಿ, ನಾಳಿ ಉಕ್ಕಿ ನೀರು ಫ್ಯಾನ್ ಮೇಲೆ ಬೀಳುತ್ತದೆ.

ಪಂಪ್ ಕೆಡಲು ಮೂರೇ ಕಾರಣ. ನೀರಿಲ್ಲದೆ ಓಡಿಸುವುದು, ಹುಲ್ಲಿನ ಪುಡಿ ಸಿಕ್ಕಿಕೊಳ್ಳುವುದು, ಸುಣ್ಣ ಕಟ್ಟುವುದು. ಪಂಪಿನ ಬಾಯಿಯ ಮೇಲೆ ಯಾವಾಗಲೂ ಎರಡು ಮೂರು ಇಂಚು ನೀರು ನಿಂತಿರಬೇಕು. ಪುಡಿ ತಡೆಯಲು ಪಂಪಿಗೆ ನೈಲಾನ್ ಬಲೆಯ ಚಿಕ್ಕ ಚೀಲ ಸಡಿಲವಾಗಿ ಕಟ್ಟಿ, ವಾರಕ್ಕೊಮ್ಮೆ ತೊಳೆಯಿರಿ. ಬಟ್ಟೆ ಕಟ್ಟಬೇಡಿ, ಬಟ್ಟೆ ಎರಡೇ ದಿನದಲ್ಲಿ ಕೆಸರು ಹಿಡಿದು ನೀರನ್ನೇ ತಡೆಯುತ್ತದೆ.

ಪಂಪ್ ಗುಂಯ್ ಎನ್ನುತ್ತದೆ, ನೀರು ಏರುತ್ತಿಲ್ಲ ಎಂದರೆ ಎಸೆಯುವ ಮುಂಚೆ ಬಿಚ್ಚಿ ನೋಡಿ. ಪ್ಲಗ್ ಕಿತ್ತು, ಮುಂದಿನ ಜಾಳಿಗೆಯ ಮುಚ್ಚಳ ಎಳೆದರೆ ಬರುತ್ತದೆ. ಒಳಗೆ ರೆಕ್ಕೆ ಇರುವ ಚಕ್ರ, ಅದರ ಬಾಲವೇ ಅಯಸ್ಕಾಂತ. ಮೆಲ್ಲಗೆ ಹೊರಗೆ ಎಳೆಯಿರಿ. ಅದರ ಸುತ್ತ ಕೂದಲು, ಎಳೆ, ಲೋಳೆ ಸುತ್ತಿರುತ್ತದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಚಕ್ರ ಮತ್ತು ಮುಚ್ಚಳವನ್ನು ಅರ್ಧ ಗಂಟೆ ಅದರಲ್ಲಿ ಬಿಡಿ. ನೊರೆ ಏಳುತ್ತದೆ, ಅದು ಸುಣ್ಣ ಕರಗುವ ಗುರುತು. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಪಂಪಿನ ಒಳಗಿನ ಗೂಡು ಉಜ್ಜಿ, ಚೆನ್ನಾಗಿ ತೊಳೆದು ಜೋಡಿಸಿ. ನಿಂಬೆ ಉಪ್ಪಿನ ನೀರಿಗೆ ಬ್ಲೀಚಿಂಗ್ ಪೌಡರ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಕಬ್ಬಿಣದ ಟಾಕಿಯಲ್ಲೂ ಆ ನೀರನ್ನು ನಿಲ್ಲಿಸಬೇಡಿ, ಪೇಂಟ್ ಏಳುತ್ತದೆ.

ತೊಳೆದ ಮೇಲೂ ಚಕ್ರ ತಿರುಗದಿದ್ದರೆ, ಬಾಡಿ ಉಬ್ಬಿದ್ದರೆ, ಇಲ್ಲವೇ ವೈರಿನ ಮೇಲೆ ಒಂದೇ ಒಂದು ಬಿರುಕು ಕಂಡರೂ ಹೊಸ ಪಂಪ್ ತನ್ನಿ. ಇದನ್ನು ಅಂಟಿನಿಂದ ಮುಚ್ಚಿ ಮಾಡಿರುತ್ತಾರೆ, ರಿಪೇರಿಗೆ ಬರುವುದಿಲ್ಲ. ಕಡಿದ ವೈರಿಗೆ ಟೇಪ್ ಸುತ್ತಿ ನೀರೊಳಗೆ ಬಿಡುವುದು ಜೀವಕ್ಕೆ ಸಂಚಕಾರ. ವೈರ್ ಜೋಡಣೆ ಏನಿದ್ದರೂ ನೀರಿನ ಮಟ್ಟಕ್ಕಿಂತ ಮೇಲೆ, ಹನಿ ಬೀಳದ ಕಡೆ ಇರಬೇಕು.

ಕಂಡೆನ್ಸರ್ ಮತ್ತು ಬುಶ್

ಫ್ಯಾನ್ ನಿಧಾನ ತಿರುಗುತ್ತದೆ, ಇಲ್ಲವೇ ಗುಂಯ್ ಎಂದು ನಿಂತೇ ಇರುತ್ತದೆ ಎಂದಾಗ ಮೋಟರ್ ಸುಟ್ಟಿತೆಂದು ಹೆದರಬೇಡಿ. ಮೊದಲು ಮನೆಯ ವೋಲ್ಟೇಜ್ ನೋಡಿ, ಸಂಜೆ ಹೊತ್ತು ಹಳ್ಳಿಗಳಲ್ಲಿ ವೋಲ್ಟೇಜ್ ಬಿದ್ದರೆ ಒಳ್ಳೆಯ ಮೋಟರೂ ಹೀಗೇ ಮಾಡುತ್ತದೆ. ವೋಲ್ಟೇಜ್ ಸರಿ ಇದ್ದರೆ ಸಂಶಯ ಕಂಡೆನ್ಸರ್ ಮೇಲೆ, ಅಂದರೆ ಮೋಟರಿಗೆ ತಿರುಗುವ ಬಲ ಕೊಡುವ ಚಿಕ್ಕ ಡಬ್ಬಿಯಂಥ ಕೆಪಾಸಿಟರ್ ಮೇಲೆ. ಪ್ಲಗ್ ಕಿತ್ತು ಕೈಯಿಂದ ರೆಕ್ಕೆ ತಿರುಗಿಸಿ. ಸಲೀಸಾಗಿ ತಿರುಗಿದರೆ ಹೆಚ್ಚಾಗಿ ಕಂಡೆನ್ಸರ್ ಹೋಗಿರುತ್ತದೆ, ಬಿಗಿಯಾಗಿ ತಿರುಗಿದರೆ ಬುಶ್, ಅಂದರೆ ಮೋಟರಿನ ದಂಡ ತಿರುಗುವ ಲೋಹದ ಬಳೆ, ಒಣಗಿದೆ.

ಕಂಡೆನ್ಸರ್ ಬಿಚ್ಚುವ ಮುಂಚೆ ಅದರಲ್ಲಿ ಉಳಿದ ಕರೆಂಟ್ ತೆಗೆಯಬೇಕು. ಹಳೇ ಕಾಲದ ತಂತಿ ಬಲ್ಬ್ ಹಾಕಿದ ಹೋಲ್ಡರಿನ ವೈರಿನ ಎರಡು ತುದಿಗಳನ್ನು, ಕೈ ತಾಗದಂತೆ ಹಿಡಿದು, ಕಂಡೆನ್ಸರ್‌ನ ಎರಡು ವೈರಿಗೆ ಕೆಲವು ಸೆಕೆಂಡು ತಾಗಿಸಿ. ಆಮೇಲೆ ಯಾವ ವೈರ್ ಎಲ್ಲಿತ್ತು ಎಂದು ಮೊಬೈಲಿನಲ್ಲಿ ಫೋಟೋ ತೆಗೆದು ಬಿಚ್ಚಿ. ಅಂಗಡಿಗೆ ಹಳೇದನ್ನೇ ಒಯ್ಯಿರಿ: "ಅಣ್ಣಾ, ಹಳೇದು ತಂದೀನಿ, ಇದೇ ನಂಬರಿಂದು ಕೊಡ್ರಿ" ಅಂದರೆ ಸಾಕು. ಮೈಕ್ರೋಫ್ಯಾರಡ್ ಅಂಕಿ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚು ಇರಬಹುದು. ಫ್ಯಾನ್ ಜೋರು ಓಡಲಿ ಎಂದು ದೊಡ್ಡ ಅಂಕಿಯದು ಹಾಕಿಸಿದರೆ ಮೋಟರಿನ ಸುರುಳಿ ಕಾದು ಅದೇ ಬ್ಯಾಸಗಿಯಲ್ಲಿ ಸುಡುತ್ತದೆ.

ಬುಶ್ಶಿಗೆ ಬ್ಯಾಸಗಿ ಶುರುವಿನಲ್ಲಿ ನಾಲ್ಕು ಹನಿ, ಮೇ ಮೊದಲಲ್ಲಿ ನಾಲ್ಕು ಹನಿ ಹೊಲಿಗೆ ಮಷೀನಿನ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ಅದು ಧೂಳು ಸೇರಿ ಗೋಂದಾಗುತ್ತದೆ.

ತೇಲುಗುಂಡು, ಟಾಕಿ, ಸೊಳ್ಳೆ

ನಳಕ್ಕೆ ಜೋಡಿಸಿದ ತೇಲುಗುಂಡಿನ ವಾಲ್ವಿನಲ್ಲಿ ಸವೆಯುವುದು ರಬ್ಬರ್ ವಾಷರ್. ಟಾಕಿ ತುಂಬಿದ ಮೇಲೂ ಹನಿ ನಿಲ್ಲದಿದ್ದರೆ ವಾಷರ್ ಬದಲಿಸಿ. ಗುಂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬಂದರೆ ಗುಂಡು ಒಡೆದಿದೆ. ಬುಡದ ಬಿರಡೆಯ ರಬ್ಬರ್ ವರ್ಷಕ್ಕೊಂದು.

ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಟಾಕಿ ಖಾಲಿ ಮಾಡಿ, ಒಳಗಿನ ಗೋಡೆಗಳನ್ನು ಒರಟು ಬ್ರಶ್ಶಿನಿಂದ ತಿಕ್ಕಿ, ಬಿಸಿಲಿಗೆ ಒಣಗಿಸಿ. ನೀರು ಚೆಲ್ಲಿ ಮತ್ತೆ ತುಂಬಿದರೆ ಮುಗಿಯಲಿಲ್ಲ. ಡೆಂಗಿ ಹರಡುವ ಸೊಳ್ಳೆ ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದ ಕೂಡಲೇ ಮರಿಯಾಗುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು, ಅದಕ್ಕೇ ವಾರದ ಗಡುವು. ಜೂನ್‌ನಲ್ಲಿ ಕೂಲರ್ ನಿಲ್ಲಿಸಿ ನೀರು ಹಾಗೇ ಬಿಟ್ಟ ಮನೆಗಳೇ ಮಳೆಗಾಲದ ಸೊಳ್ಳೆಗೆ ತವರು.

ಕರೆಂಟಿನ ಮಾತು

ಕಬ್ಬಿಣದ ಬಾಡಿ, ಒದ್ದೆ ನೆಲ, ಬರಿಗಾಲು. ಮೂರೂ ಸೇರಿದ ಕಡೆ ಅರ್ತಿಂಗ್ ಇಲ್ಲದಿದ್ದರೆ ಕೂಲರ್ ಕೊಲ್ಲುತ್ತದೆ, ಪ್ರತಿ ಬ್ಯಾಸಗಿಯೂ ಇಂಥ ಸಾವು ಸುದ್ದಿಯಾಗುತ್ತದೆ. ಮೂರು ಪಿನ್ನಿನ ಪ್ಲಗ್ಗೇ ಇರಲಿ, ಮೂರನೆಯ ಹಸಿರು ವೈರ್ ಬಾಡಿಯ ಬರೀ ಲೋಹಕ್ಕೆ ಬೋಲ್ಟಿನಿಂದ ಬಿಗಿದಿರಲಿ. ಪೇಂಟಿನ ಮೇಲೆ ಬಿಗಿದರೆ ಪ್ರಯೋಜನವಿಲ್ಲ, ಅಲ್ಲಿ ಪೇಂಟ್ ಕೆರೆದು ಬಿಗಿಯಿರಿ. ಗೋಡೆಯ ಸಾಕೆಟ್ಟಿಗೆ ನಿಜವಾಗಿ ಅರ್ತಿಂಗ್ ಇದೆಯೇ ಎಂದು ವೈರ್‌ಮನ್ ಕರೆಸಿ ನೋಡಿ. ಸಾಧ್ಯವಿದ್ದರೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ, ಬಾಡಿಗೆ ಕರೆಂಟ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ನೀರು ತುಂಬುವಾಗ ಪ್ಲಗ್ ಕಿತ್ತಿರಬೇಕು. ಮಕ್ಕಳಿಗೆ ನೀರು ತುಂಬುವ ಕೆಲಸ ಹೇಳಬೇಡಿ.

ಮಳೆ ಬಿದ್ದ ಮೇಲೆ

ಕೂಲರ್ ಎತ್ತಿಡುವ ದಿನವೇ ಹುಲ್ಲು ತೆಗೆದು ಹೊರಗೆ ಹಾಕಿ. ಒದ್ದೆ ಹುಲ್ಲು ಒಳಗೇ ಬಿಟ್ಟರೆ ಬಾಗಿಲಿನ ತಗಡು ಮಳೆಗಾಲದಲ್ಲೇ ತೂತು ಬೀಳುತ್ತದೆ. ಹನಿಕೂಂಬ್ ಆದರೆ ತೊಳೆದು, ಪೂರ್ತಿ ಒಣಗಿಸಿ, ಇಲಿ ಮುಟ್ಟದ ಕಡೆ ನಿಲ್ಲಿಸಿಡಿ. ಟಾಕಿಯ ಒಳಗೆ ತುಕ್ಕು ಕೆರೆದು, ಒಂದು ಕೈ ರೆಡ್ ಆಕ್ಸೈಡ್, ಒಣಗಿದ ಮೇಲೆ ಎರಡು ಕೈ ಡಾಂಬರ್ ಪೇಂಟ್, ಒಂದೊಂದು ಕೈಗೂ ನಡುವೆ ಒಂದು ದಿನ ಬಿಡಿ. ಇದನ್ನು ಕೂಲರ್ ಎತ್ತಿಡುವಾಗಲೇ ಮಾಡುವುದು ಒಳ್ಳೆಯದು, ಮಾರ್ಚ್‌ನಲ್ಲಿ ಹಚ್ಚಿದರೆ ಅದರ ವಾಸನೆ ತಿಂಗಳಿಡೀ ಗಾಳಿಯೊಂದಿಗೆ ಕೋಣೆಗೆ ಬರುತ್ತದೆ. ಚಿಕ್ಕ ತೂತಿದ್ದರೆ ಪೇಂಟಿಗೆ ಮುಂಚೆ ಎಂ-ಸೀಲ್ ಮೆತ್ತಿ.

ಪಂಪ್ ತೊಳೆದು ಒಣಗಿಸಿ, ಚಕ್ರ ಬೇರೆ ಮಾಡಿ, ಒಂದು ಚೀಲದಲ್ಲಿ ಹಾಕಿ. ಅದೇ ಚೀಲದಲ್ಲಿ ಒಂದು ಹೊಸ ಕಂಡೆನ್ಸರ್, ಎರಡು ವಾಷರ್, ಬಿರಡೆಯ ರಬ್ಬರ್, ನೈಲಾನ್ ದಾರದ ಉಂಡೆ, 100 ಗ್ರಾಂ ನಿಂಬೆ ಉಪ್ಪಿನ ಪೊಟ್ಟಣ ಇರಲಿ. ಮೂರು ಬಾಗಿಲಿನ ಒಳ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಅದರೊಳಗೇ ಹಾಕಿ, ಹೊಸ ಪಂಪ್ ಕೊಂಡಿದ್ದರೆ ಅದರ ಬಿಲ್ಲನ್ನೂ ಸೇರಿಸಿ. ನಿಂಬೆ ಉಪ್ಪನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ, ಮಳೆಗಾಲದ ತೇವಕ್ಕೆ ಅದು ನೀರೊಡೆದು ಪಕ್ಕದ ಕಂಡೆನ್ಸರ್ ವೈರಿಗೆ ತುಕ್ಕು ಹಿಡಿಸುತ್ತದೆ.